ಮಗನ ತೋಳಿನ ನಂಬರ್ ಯಾರದು?

ಓದುಗರ ಪತ್ರ: ನನ್ನ ಮಗನಿಗೆ 27 ವರ್ಷ. ಬೇರೆ ಊರಿನಲ್ಲಿ ಕೆಲಸ. ನಾಲ್ಕು ತಿಂಗಳ ಹಿಂದೆ ಟೈಪ್ ಒನ್ ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ಚಿಕ್ಕಂದಿನಿಂದ ಸಿಹಿ ಅಂದರೆ ಅವನಿಗೆ ಪ್ರಾಣ, ನಾನು ತಡೆಯಲಿಲ್ಲ. ಈಗ ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿಕೊಂಡಿದ್ದಾನೆ. ಅದರ ನಂಬರ್ ನನ್ನ ಫೋನಿಗೂ ಬರುತ್ತಿತ್ತು. 200 ದಾಟಿದಾಗೆಲ್ಲ ಫೋನ್ ಮಾಡಿ ಏನು ತಿಂದೆ ಎಂದು ಕೇಳುತ್ತಿದ್ದೆ. ಮೊದಲು ಸ್ವಲ್ಪ ಇನ್ಸುಲಿನ್ ಸಾಕಾಗುತ್ತಿತ್ತು, ಈಗ ಡೋಸ್ ಜಾಸ್ತಿ ಆಗಿದೆ. ನನ್ನ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಅಂದೆ. ಮರುದಿನದಿಂದ ನಂಬರ್ ಬರುತ್ತಿಲ್ಲ. ಅವನೇ ಆಫ್ ಮಾಡಿದ್ದಾನೆ. ಹೆತ್ತವಳಿಗೆ ಇಷ್ಟೂ ಹಕ್ಕಿಲ್ಲವೇ? ಮುಂದಿನ ತಿಂಗಳು ಮನೆಗೆ ಬರುತ್ತಾನೆ. ಹೇಗೆ ನಡೆದುಕೊಳ್ಳಲಿ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ಏನು ಹೇಳಬೇಕೆಂದು ಮೊದಲ ಸಲ ಓದಿದಾಗಲೇ ಗೊತ್ತಿತ್ತು. ನಿಮಗೆ ನೋವಾಗುತ್ತದೆ ಅಂತ ಹಿಂಜರಿದೆ. ನಿಮ್ಮ ಮಗ ಮಾಡಿದ್ದು ಸರಿ.

ನಿಮ್ಮ ಭಯ ಸುಳ್ಳು ಅಂತ ಹೇಳುತ್ತಿಲ್ಲ. ಇನ್ಸುಲಿನ್ ಹಾಕಿಕೊಳ್ಳುವವರಿಗೆ ನಿದ್ದೆಯಲ್ಲಿ ಶುಗರ್ ತೀರಾ ಇಳಿದರೆ ಅಪಾಯ ಇದ್ದೇ ಇದೆ. ದೂರದಲ್ಲಿ ಒಬ್ಬನೇ ಮಲಗಿರುವ ಮಗನನ್ನು ನೆನೆದು ತಾಯಿಗೆ ನಿದ್ದೆ ಹತ್ತದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ? ಆದರೆ ನೀವು ಫೋನ್ ಮಾಡುತ್ತಿದ್ದದ್ದು ಶುಗರ್ ಇಳಿದಾಗಲ್ಲ, 200 ದಾಟಿದಾಗ. ಕೇಳುತ್ತಿದ್ದದ್ದು ‘ಹೇಗಿದ್ದೀಯ’ ಅಂತ ಅಲ್ಲ, ‘ಏನು ತಿಂದೆ’ ಅಂತ. ನಿಮ್ಮ ಪತ್ರದಲ್ಲೇ ಇದೆ, ಇನ್ನೊಮ್ಮೆ ಓದಿ ನೋಡಿ.

ಈ ನಂಬರಿನ ವಿಷಯ ಸ್ವಲ್ಪ ಹೇಳಲೇಬೇಕು. ಸೆನ್ಸರ್ ಹಾಕಿಕೊಂಡವರಿಗೆ ಡಾಕ್ಟರರು ಸಾಮಾನ್ಯವಾಗಿ ಕೊಡುವ ಗುರಿ ಏನು ಗೊತ್ತಾ? ದಿನದ ನೂರಕ್ಕೆ 70 ಭಾಗ ಹೊತ್ತು ಶುಗರ್ 70ರಿಂದ 180ರ ನಡುವೆ ಇರಬೇಕು. ನೂರಕ್ಕೆ ನೂರು ಯಾರೂ ಕೇಳುವುದಿಲ್ಲ. ಅಂದರೆ ಚೆನ್ನಾಗಿ ನೋಡಿಕೊಳ್ಳುವವರಿಗೂ ದಿನಕ್ಕೆ ಏಳು ಗಂಟೆಯಷ್ಟು ಹೊತ್ತು ಆಚೆ ಈಚೆ ಆಗಬಹುದು. ಆ ಏಳು ಗಂಟೆಯೂ ನೀವು ಫೋನ್ ಹಿಡಿದು ಕೂತಿದ್ದರೆ ಅವನು ಕೆಲಸ ಮಾಡುವುದು ಯಾವಾಗ? ಊಟ ಒಂದರಿಂದಲೇ ಶುಗರ್ ಏರುವುದಿಲ್ಲ. ನೆಗಡಿ ಬಂದರೆ ಏರುತ್ತದೆ. ನಿದ್ದೆಗೆಟ್ಟರೆ ಏರುತ್ತದೆ. ಚುಚ್ಚಿದ ಜಾಗದಲ್ಲೇ ಮತ್ತೆ ಮತ್ತೆ ಚುಚ್ಚಿ ಗಂಟಾಗಿದ್ದರೆ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆಗಲೂ ಏರುತ್ತದೆ. ಜಗಳವಾಡಿ ಮನಸ್ಸು ಕೆಟ್ಟಿದ್ದರೂ ಏರಬಹುದು. ಸೆನ್ಸರ್ ಅಳೆಯುವುದು ಚರ್ಮದ ಕೆಳಗಿನ ದ್ರವವನ್ನು, ರಕ್ತವನ್ನಲ್ಲ. ಹಾಗಾಗಿ ಅದು ಕೆಲವು ನಿಮಿಷ ಹಿಂದೆಯೇ ಇರುತ್ತದೆ. ಆ ತೋಳಿನ ಮೇಲೆ ಒತ್ತಿ ಮಲಗಿದರೆ ಸುಮ್ನೆ ಕಡಿಮೆ ತೋರಿಸುವುದೂ ಉಂಟು.

ಡೋಸ್ ಜಾಸ್ತಿ ಆಯಿತು ಅಂದಿರಿ. ಅದಕ್ಕೂ ಅವನು ನಿಮ್ಮ ಮಾತು ಕೇಳದ್ದಕ್ಕೂ ಸಂಬಂಧವೇ ಇಲ್ಲ. ಟೈಪ್ ಒನ್ ಅಂದರೆ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರು ಎಂದುಕೊಂಡು ನಾಶ ಮಾಡುವುದು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಇನ್ನೂ ಒಂದಿಷ್ಟು ಉಳಿದಿರುತ್ತವೆ. ಚಿಕಿತ್ಸೆ ಶುರುವಾದ ಮೇಲೆ ಅವು ಸ್ವಲ್ಪ ಚೇತರಿಸಿಕೊಂಡು ಕೆಲವು ವಾರವೋ ತಿಂಗಳೋ ಕೈ ಜೋಡಿಸುತ್ತವೆ. ಇದನ್ನು ಡಾಕ್ಟರರೇ ಹನಿಮೂನ್ ಎಂದು ಕರೆಯುತ್ತಾರೆ. ಅದು ಮುಗಿದಂತೆ ಡೋಸ್ ಏರಲೇಬೇಕು. ನಿಮ್ಮ ಮಗ ಏನೂ ತಪ್ಪು ಮಾಡಿಲ್ಲ. ಚಿಕ್ಕಂದಿನಲ್ಲಿ ಸಿಹಿ ಕೊಟ್ಟ ನೀವೂ ಮಾಡಿಲ್ಲ. ಸಿಹಿ ತಿಂದು ಟೈಪ್ ಒನ್ ಬರುವುದಿಲ್ಲ. ಈ ಕಾಯಿಲೆ ಇರುವ ಹೆಚ್ಚಿನವರ ಹತ್ತಿರದ ಬಂಧುಗಳಲ್ಲಿ ಬೇರೆ ಯಾರಿಗೂ ಅದು ಇರುವುದಿಲ್ಲ. ಆ ಒಂದು ಭಾರವನ್ನು ಇವತ್ತೇ ಇಳಿಸಿಬಿಡಿ.

ನಾನು ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಅವಳಿಗೆ ಗೊತ್ತಾದಾಗ 24 ವರ್ಷ. ಮೊದಲು ನೋಡಿದ ಡಾಕ್ಟರ್ ದೊಡ್ಡವರಿಗೆ ಬರುವುದು ಟೈಪ್ ಟೂ ಎಂದು ಮಾತ್ರೆ ಬರೆದುಕೊಟ್ಟರು. ಬಾಯಾರಿಕೆ ನಿಲ್ಲಲಿಲ್ಲ, ತೂಕ ಇಳಿಯುತ್ತಲೇ ಹೋಯಿತು. ಕೊನೆಗೆ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಏರಿ, ವಾಂತಿ ಮಾಡುತ್ತಾ ಆಸ್ಪತ್ರೆ ಸೇರಿದಳು. ಇಂಥ ಎಡವಟ್ಟು ಅವಳೊಬ್ಬಳಿಗೇ ಆದದ್ದಲ್ಲ. ಬ್ರಿಟನ್ನಿನ ಪ್ರಧಾನಿ ಆಗಿದ್ದ ತೆರೇಸಾ ಮೇ ಅವರಿಗೆ ಟೈಪ್ ಒನ್ ಬಂದದ್ದು 50 ದಾಟಿದ ಮೇಲೆ. ಅವರಿಗೂ ಮೊದಲು ಟೈಪ್ ಟೂ ಅಂತಲೇ ಮಾತ್ರೆ ಕೊಟ್ಟಿದ್ದರು. ಮಕ್ಕಳಿಗೆ ಬರುವ ಕಾಯಿಲೆ ಎಂಬ ನಂಬಿಕೆ ಡಾಕ್ಟರರಲ್ಲೂ ಅಷ್ಟು ಗಟ್ಟಿ.

ಅಕ್ಕನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ಅಂದಿನಿಂದ ಮನೆಯ ಮಾತೆಲ್ಲ ಒಂದೇ ಮಾತಾಯಿತು. ‘ಎಷ್ಟಿದೆ?’ ಅಕ್ಕ ಕೇಳುತ್ತಿದ್ದಳು, ಭಾವ ಕೇಳುತ್ತಿದ್ದರು, ನಾನೂ ಕೇಳುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ‘ಎಷ್ಟಿದೆ?’ ಅವಳಿಗೆ ಆಗ ಸೆನ್ಸರ್ ಇರಲಿಲ್ಲ, ಬೆರಳು ಚುಚ್ಚಿ ನೋಡಬೇಕಿತ್ತು. ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಅವಳು ಗೋಡೆ ಕಡೆ ತಿರುಗಿ, ಅಂಗಿಯ ಅಂಚು ಎತ್ತಿ, ಇನ್ಸುಲಿನ್ ಪೆನ್ನಿನ ಹಿಂಬದಿ ತಿರುಗಿಸಿದಳು. ಟಿಕ್ ಟಿಕ್ ಟಿಕ್. ಚುಚ್ಚಿ, ತುಟಿಯಲ್ಲೇ ಹತ್ತರವರೆಗೆ ಎಣಿಸಿ, ಸೂಜಿ ತೆಗೆದಳು. ನಾನು ‘ಎಷ್ಟಿತ್ತು?’ ಅಂದೆ. ‘140’ ಅಂದಳು. ಎಲ್ಲರೂ ನೆಮ್ಮದಿಯಾಗಿ ಊಟ ಮಾಡಿದೆವು. ಮೀಟರ್ ಹೊತ್ತಿಗೆ ಹೊತ್ತಿನ ಲೆಕ್ಕ ಇಟ್ಟಿರುತ್ತದೆ. ಆ ಸಂಜೆ ಅವಳು ಬೆರಳು ಚುಚ್ಚಿಯೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಮಗೆ ಬೇಕಾದ ನಂಬರನ್ನು ನಮಗೆ ಕೊಟ್ಟಿದ್ದಳು, ಊಹೆಯ ಮೇಲೆ ಇನ್ಸುಲಿನ್ ಹಾಕಿಕೊಂಡಿದ್ದಳು. ಒಂದು ದಿನವೂ ಸುಳ್ಳು ಹೇಳದ ಹುಡುಗಿ ಅವಳು. ನಾವು ಮೂವರು ಸೇರಿ ಕಲಿಸಿದೆವು.

ನಿಮ್ಮ ಮಗ ಸುಳ್ಳು ಹೇಳಿಲ್ಲ, ಗಮನಿಸಿ. ಆಫ್ ಮಾಡಿದ್ದಾನೆ. ಅದು ಎಷ್ಟೋ ಪ್ರಾಮಾಣಿಕ.

ಬಾರ್ಬರಾ ಆಂಡರ್ಸನ್ ಮತ್ತು ಜೇಮ್ಸ್ ಕಾಯ್ನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ಇದರ ಬಗ್ಗೆ ಬರೆದರು. ದೀರ್ಘ ಕಾಯಿಲೆ ಇರುವ ಮಕ್ಕಳ ಮನೆಗಳಲ್ಲಿ ಪ್ರೀತಿಯಿಂದ ಶುರುವಾದ ಸಹಾಯ ನಿಧಾನಕ್ಕೆ ಜಗಳವಾಗುವುದು ಹೇಗೆ ಅಂತ. ಮಗುವಿನ ಆರೋಗ್ಯ ಹೆತ್ತವರಿಗೆ ತಮ್ಮ ಗೆಲುವು ಸೋಲಿನ ಪ್ರಶ್ನೆಯಾಗಿಬಿಡುತ್ತದೆ. ನಂಬರ್ ಏರಿದರೆ ತಾವು ಸೋತಂತೆ ಅನ್ನಿಸುತ್ತದೆ, ಮಾತು ಗದರಿಕೆಯಾಗುತ್ತದೆ, ಮಗು ಮುಚ್ಚಿಡುತ್ತದೆ. ಅವರು ಬರೆದದ್ದು ಚಿಕ್ಕವರ ಬಗ್ಗೆ. 27ರ ಗಂಡಸಿಗೆ ಇದು ಇನ್ನೆಷ್ಟು ಉಸಿರುಗಟ್ಟಿಸಬೇಡ? ಡಯಾಬಿಟಿಸ್ ಇರುವವರು ಇಂಥವರಿಗೆ ಒಂದು ಹೆಸರನ್ನೇ ಇಟ್ಟಿದ್ದಾರೆ, ‘ಡಯಾಬಿಟಿಸ್ ಪೊಲೀಸ್’. ಮನೆಯಲ್ಲೇ ಇರುವ ಪೊಲೀಸರು.

ನನಗೆ ಯಾವಾಗಲೂ ನೆನಪಾಗುವುದು ರಾಬರ್ಟ್ ಲಾರೆನ್ಸ್ ಎಂಬ ಬ್ರಿಟಿಷ್ ಡಾಕ್ಟರ್. 1920ರ ಸುಮಾರಿಗೆ ಈ ಕಾಯಿಲೆ ಅವರಿಗೇ ಬಂತು. ನಿಮ್ಮ ಮಗನದೇ ವಯಸ್ಸು, ಹೆಚ್ಚೂಕಡಿಮೆ. ಆಗ ಇನ್ಸುಲಿನ್ ಇರಲಿಲ್ಲ, ಕಾಯಿಲೆ ಎಂದರೆ ಸಾವೇ. ಕಣ್ಣೆದುರೇ ಸತ್ತು ಮನೆಯವರಿಗೆ ಸಂಕಟ ಕೊಡಬಾರದು ಅಂತ ಅವರು ಇಟಲಿಯ ಫ್ಲಾರೆನ್ಸ್‌ಗೆ ಹೊರಟುಹೋದರು. ಅಷ್ಟರಲ್ಲಿ 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದ್ದರು. 1923ರಲ್ಲಿ ಲಂಡನ್ನಿನ ಸಹೋದ್ಯೋಗಿಯೊಬ್ಬರು ಲಾರೆನ್ಸ್‌ಗೆ ತಂತಿ ಕಳಿಸಿದರು. ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಬಾ. ಆ ನಿತ್ರಾಣದಲ್ಲೇ ಲಂಡನ್ ಸೇರಿದರು. 1934ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ಜೊತೆ ಸೇರಿ ಡಯಾಬಿಟಿಸ್ ಇರುವವರದೇ ಒಂದು ಸಂಘ ಕಟ್ಟಿದರು. 1968ರವರೆಗೂ ಬದುಕಿದ್ದರು.

ಜನ ಈ ಕಥೆಯಲ್ಲಿ ತಂತಿಯನ್ನು ನೆನಪಿಡುತ್ತಾರೆ. ನನಗೆ ಮೊದಲ ಭಾಗವೇ ಕಾಡುತ್ತದೆ. ತನ್ನ ಸಾವಿಗಿಂತ ಮನೆಯವರ ಮುಖ ನೋಡುವುದು ಅವರಿಗೆ ಕಷ್ಟವಾಗಿತ್ತು. ನಿಮ್ಮ ಮಗನಿಗೂ ಹಾಗೇ ಆಗಿರಬಹುದು. ನಂಬರ್ ಏರಿದಾಗ ಅವನು ಎರಡು ಕೆಲಸ ಮಾಡಬೇಕಿತ್ತು. ಶುಗರ್ ಇಳಿಸಬೇಕು, ನಿಮ್ಮನ್ನು ಸಮಾಧಾನ ಮಾಡಬೇಕು. ಎರಡನೆಯದನ್ನು ಕೈಬಿಟ್ಟ.

ಇನ್ನೊಂದು ಸಂಗತಿ. ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರ್‌ಗೆ 12ನೇ ವಯಸ್ಸಿನಿಂದ ಟೈಪ್ ಒನ್ ಇತ್ತು. 1969ರಲ್ಲಿ ರಕ್ತದ ಶುಗರ್ ಅಳೆಯುವ ಮೀಟರ್ ಬಂದಾಗ ಅದನ್ನು ರೋಗಿಗೆ ಮಾರುತ್ತಿರಲಿಲ್ಲ, ಡಾಕ್ಟರರಿಗೆ ಮಾತ್ರ. ಅವರ ಹೆಂಡತಿ ಡಾಕ್ಟರ್ ಆಗಿದ್ದರಿಂದ ಅವರ ಹೆಸರಿನಲ್ಲಿ ತರಿಸಿಕೊಂಡು ದಿನಕ್ಕೆ ಹಲವು ಸಲ ತಾವೇ ನೋಡಿಕೊಂಡರು. ಆಮೇಲೆ ವೈದ್ಯಕೀಯ ಓದಿ ತಾವೇ ಡಾಕ್ಟರಾದರು. ತನ್ನ ರಕ್ತದ ಲೆಕ್ಕ ತನಗೆ ಸಿಗಲಿ ಎಂದು ಆ ಮನುಷ್ಯ ಇಷ್ಟೆಲ್ಲ ಮಾಡಬೇಕಾಯಿತು. ಅಷ್ಟು ಕಷ್ಟಪಟ್ಟು ರೋಗಿಯ ಕೈಗೆ ಬಂದ ನಂಬರನ್ನು ನಾವು ಪ್ರೀತಿಯ ಹೆಸರಿನಲ್ಲಿ ಮತ್ತೆ ಕಿತ್ತುಕೊಳ್ಳಬಾರದು.

‘ಮಕ್ಕಳು ಎಷ್ಟೇ ದೊಡ್ಡವರಾದರೂ ಹೆತ್ತವರಿಗೆ ಮಕ್ಕಳೇ’ ಅನ್ನುತ್ತೇವೆ. ಕೇಳಲು ಹಿತ. ಆದರೆ ಈ ಮಾತಿನ ಆಸರೆಯಲ್ಲಿ ನಾವು ಎಷ್ಟು ಅನ್ಯಾಯ ಮಾಡುತ್ತೇವೆ! ಡಾಕ್ಟರರ ಕೋಣೆಯಲ್ಲಿ ಕೂತವಳು 24ರ ಹುಡುಗಿ, ಡಾಕ್ಟರ್ ಮಾತಾಡುವುದು ಪಕ್ಕದಲ್ಲಿರುವ ಅಪ್ಪನ ಹತ್ತಿರ. ‘ಇವಳಿಗೆ ಇದು ಕೊಡಬೇಡಿ.’ ಅವಳು ಅಲ್ಲೇ ಇದ್ದಾಳೆ, ಅವಳಿಗೆ ಹೇಳಿ! ನೋಡಲು ಬಂದವರು ‘ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗಾ’ ಅನ್ನುತ್ತಾರೆ, ಅವಳ ಎದುರಿಗೇ. ‘ಸಕ್ಕರೆ ಕಾಯಿಲೆ’ ಎಂಬ ನಮ್ಮ ಹೆಸರೇ ಅರ್ಧ ಆರೋಪ. ಸಕ್ಕರೆ ತಿಂದೆ, ಕಾಯಿಲೆ ಬಂತು. ಟೈಪ್ ಒನ್, ಟೈಪ್ ಟೂ ಎಂಬ ಎರಡು ಬೇರೆ ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬಿ ಹೊಲಿದುಬಿಟ್ಟಿದ್ದೇವೆ. ಕ್ರಿಕೆಟ್ ನೋಡುವ ಓದುಗರಿಗೆ ವಾಸಿಂ ಅಕ್ರಂ ಗೊತ್ತು. ಅವರಿಗೆ 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಟೈಪ್ ಒನ್ ಬಂತು. ಏಕದಿನ ಪಂದ್ಯಗಳ 500ನೇ ವಿಕೆಟ್ ತೆಗೆದದ್ದು ಆಮೇಲೆ, 2003ರಲ್ಲಿ. ಅಂಥ ಆಟಗಾರ ತಿನ್ನುವುದರಲ್ಲಿ ಶಿಸ್ತು ತಪ್ಪಿ ಕಾಯಿಲೆ ತಂದುಕೊಂಡರು ಅನ್ನೋಣವೇ?

ಇದಕ್ಕಿಂತ ಸಿಟ್ಟು ಬರಿಸುವುದು ಜಾಹೀರಾತುಗಳು. ‘ಮೂರು ತಿಂಗಳಲ್ಲಿ ಇನ್ಸುಲಿನ್ ಬಿಡಿಸುತ್ತೇವೆ’ ಎಂಬ ಪುಟಗಟ್ಟಲೆ ಜಾಹೀರಾತು ನಮ್ಮ ಕಚೇರಿಗೂ ಬರುತ್ತದೆ, ನಾನು ವಾಪಸ್ ಕಳಿಸುತ್ತೇನೆ. ಟೈಪ್ ಒನ್ ಇರುವವರು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಸಂಚಕಾರ. ಇದನ್ನು ತಿಳಿದೂ ಅಚ್ಚು ಹಾಕುವ ಪತ್ರಿಕೆಗಳಿವೆ ಎಂಬುದು ಈ ವೃತ್ತಿಯಲ್ಲಿರುವ ನನಗೆ ನಾಚಿಕೆಯ ಸಂಗತಿ. ಪ್ರೀತಿಯಿಂದಲೇ ಅಂಥ ಪುಡಿ, ಕಷಾಯ ತಂದುಕೊಡುವ ಬಂಧುಗಳು ನಿಮ್ಮ ಮನೆಗೂ ಬಂದೇ ಬರುತ್ತಾರೆ. ಅಲ್ಲಿ ಬೇಕಾದರೆ ಪೊಲೀಸ್ ಆಗಿ. ಬಾಗಿಲಲ್ಲೇ ತಡೆಯಿರಿ.

ಹಾಗಾದರೆ ತಾಯಿಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. ಒಂದು ರಾತ್ರಿ ಮೂರು ಗಂಟೆಗೆ ಅಡುಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಕ್ಕನ ಮಗಳು ನೆಲದ ಮೇಲೆ ಕೂತಿದ್ದಾಳೆ. ಹಣೆ, ಕುತ್ತಿಗೆ ಎಲ್ಲ ಬೆವರು. ಕೈಯಲ್ಲಿ ಗ್ಲೂಕೋಸ್ ಮಾತ್ರೆಯ ಡಬ್ಬಿ, ಮುಚ್ಚಳ ತೆಗೆಯಲು ಬೆರಳು ನಿಲ್ಲುತ್ತಿಲ್ಲ. ತೆಗೆದುಕೊಟ್ಟೆ. ನಾಲ್ಕು ಮಾತ್ರೆ ಅಗಿದಳು. ಲೋ ಆದಾಗ, ಅಂದರೆ ಶುಗರ್ ತೀರಾ ಇಳಿದಾಗ, 15 ಗ್ರಾಂ ಬೇಗ ಕರಗುವ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಇಷ್ಟು ನಾನು ಅಷ್ಟರಲ್ಲಿ ಕಲಿತಿದ್ದೆ. ಬಾಯಿ ತುದಿಗೆ ಬಂದ ‘ಎಷ್ಟಿದೆ’ಯನ್ನು ನುಂಗಿ ಪಕ್ಕದಲ್ಲಿ ಕೂತೆ. ಗಡಿಯಾರದ ಮುಳ್ಳು ಸಾಗುವುದೇ ಇಲ್ಲವೇನೋ ಅನ್ನಿಸಿತು. ಆಮೇಲೆ ಅವಳೇ ಹೇಳಿದಳು. ‘52 ಇತ್ತು ಮಾವ. ಈಗ 81.’ ಕೇಳದೆ ಅವಳು ನನಗೆ ಹೇಳಿದ ಮೊದಲ ನಂಬರ್ ಅದು.

ನೀವೂ ಇಷ್ಟನ್ನು ಕಲಿಯಿರಿ, ಅವನನ್ನು ಮೇಷ್ಟ್ರು ಮಾಡಿಕೊಳ್ಳದೆ. ಲೋ ಆದರೆ ಏನು ಕೊಡಬೇಕು, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಆಗ ಶುಗರ್ ಏರಿಸಲು ಕೊಡುವ ಗ್ಲುಕಗಾನ್ ಎಂಬ ತುರ್ತು ಔಷಧಿ ಅಂದರೇನು, ವಾಂತಿ ಆಗುತ್ತಾ ಕೀಟೋನ್ ಏರಿದರೆ ಒಂದು ಕ್ಷಣವೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟರಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ಅವನು ಬಂದಾಗ ಒಂದೇ ಸಲ ಕೇಳಿ, ‘ನನ್ನಿಂದ ಏನಾಗಬೇಕು ಹೇಳಪ್ಪ’ ಅಂತ. ಏನೂ ಬೇಡ ಅಂದರೆ ಒಪ್ಪಿಕೊಳ್ಳಿ. ಮನಸ್ಸು ಬಂದರೆ ಅವನೇ ಒಂದು ಒಪ್ಪಂದಕ್ಕೆ ಬರಬಹುದು. 55ಕ್ಕಿಂತ ಕೆಳಗೆ ಹೋದರೆ ಮಾತ್ರ ನಿಮ್ಮ ಫೋನಿನಲ್ಲಿ ಅಲಾರಾಂ, ಅವನು ಎತ್ತದಿದ್ದರೆ ಹತ್ತಿರದ ಗೆಳೆಯನಿಗೆ ಕರೆ, ಹೀಗೇನಾದರೂ. ಆ ಮಾತು ಅವನ ಬಾಯಿಂದ ಬರಲಿ, ಕಾಯಿರಿ.

ಅವನು ಬರುವ ಮೊದಲು ಫ್ರಿಜ್‌ನಲ್ಲಿ ಇನ್ಸುಲಿನ್‌ಗೆ ಒಂದು ಜಾಗ ಖಾಲಿ ಮಾಡಿಡಿ. ಬಾಗಿಲ ಕಡೆ ಬೇಡ, ತೆಗೆದು ಹಾಕುವಾಗ ಬಿಸಿ ತಾಗುತ್ತದೆ. ಫ್ರೀಜರ್ ಪಕ್ಕವೂ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ, ಎಸೆಯಬೇಕಾಗುತ್ತದೆ. ನಡುವಿನ ಅರೆ ಸರಿಯಾದ ಜಾಗ.