ಮೊದಲು ಅಲುಗಾಟ ನಿಲ್ಲಿಸಿ

ಪ್ರಶ್ನೆ: ಮರಗೆಲಸ ಕಲಿಯಲು ಶುರು ಮಾಡಿದ್ದೇನೆ. ಗರಗಸ, ಎರಡು ಉಳಿ, ಮರದ ಮೈ ಕೆರೆದು ನುಣುಪು ಮಾಡುವ ಒಂದು ಹತ್ತರಿ, ಡ್ರಿಲ್ ಇವೆ. ಹಳೇ ಮೇಜಿನ ಮೇಲೆ ಕೆಲಸ. ಹತ್ತರಿ ಹೊಡೆದಾಗಲೆಲ್ಲ ಮೇಜು ಓಲಾಡುತ್ತದೆ. ಮರಗೆಲಸಕ್ಕೆಂದೇ ಒಂದು ಬೆಂಚು ಮಾಡೋಣವೆಂದರೆ ಗಟ್ಟಿ ಮರವೇ ಬೇಕು, ನಾಲ್ಕು ಇಂಚು ದಪ್ಪದ ಹಲಗೆ ಬೇಕು, ತುಂಡನ್ನು ಬಿಗಿಯಾಗಿ ಹಿಡಿಯಲು ಎರಡು ವೈಸ್ ಬೇಕು ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಓಲಾಟದಿಂದಲೇ ಶುರು ಮಾಡಿ. ಹೊಸಬರು ಮಾಡಿದ ಬೆಂಚು ನೋಡಲು ಹೋದರೆ ನಾನು ಮೊದಲು ಅದರ ತುದಿಗೆ ಸೊಂಟ ಕೊಟ್ಟು ಉದ್ದಕ್ಕೆ ಜೋರಾಗಿ ನೂಕುತ್ತೇನೆ. ಮರ ಯಾವುದು ಅಂತ ಆಮೇಲೆ ಕೇಳುತ್ತೇನೆ. ಸಾಮಾನ್ಯ ಮೇಜು ಮೇಲಿನ ಭಾರ ಹೊರಲು ಮಾಡಿದ್ದು. ಹತ್ತರಿ ನೂಕುವುದು ಕೆಳಕ್ಕಲ್ಲ, ಮುಂದಕ್ಕೆ. ಆ ನೂಕು ತಡೆಯುವ ಶಕ್ತಿ ಅದರ ಕಾಲುಗಳ ಕೀಲಿಗೆ ಇರುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯವೆಂದರೆ ಅಗಲ ಹಲಗೆಯ ಬೆಂಚು. ಮೇಲ್ಹಲಗೆಯ ಕೆಳಗೆ, ಮುಂದೊಂದು ಹಿಂದೊಂದು, 9ರಿಂದ 10 ಇಂಚು ಅಗಲದ ಹಲಗೆಯನ್ನು ನಿಲ್ಲಿಸಿ ಕಾಲುಗಳ ಹೊರಮೈಗೆ ಬೋಲ್ಟ್ ಹಾಕಿ. ಪ್ರತಿ ಕಾಲಿಗೆ ಎರಡು ಬೋಲ್ಟ್, ಒಂದು ಮೇಲೆ, ಒಂದು ಕೆಳಗೆ. ಹಲಗೆಯ ಅಗಲ ಬಿಡುವಷ್ಟೂ ದೂರ ಇರಲಿ. ಹತ್ತಿರ ಹತ್ತಿರ ಇಟ್ಟರೆ ಕಾಲು ಅದೇ ಜಾಗದಲ್ಲಿ ತಿರುಗಲು ಶುರುವಾಗುತ್ತದೆ. ತಲೆಗೂ ನಟ್ಟಿಗೂ ಅಗಲವಾದ ವಾಷರ್ ಹಾಕಿ, ಇಲ್ಲದಿದ್ದರೆ ಮೆತ್ತನೆಯ ಮರದೊಳಗೆ ಅವು ಇಳಿದುಬಿಡುತ್ತವೆ. ಇಷ್ಟಕ್ಕೆ ಡ್ರಿಲ್ ಮತ್ತು ಸ್ಪ್ಯಾನರ್ ಸಾಕು, ಉಳಿಯಲ್ಲಿ ಚೌಕ ತೂತು ಕೊರೆಯುವ ಕಷ್ಟವಿಲ್ಲ. ಕೆಲವು ತಿಂಗಳಾದ ಮೇಲೆ ಮರ ಒಣಗಿ ಬೋಲ್ಟ್ ಸಡಿಲವಾಗುತ್ತದೆ. ಒಂದು ಸುತ್ತು ಬಿಗಿ ಮಾಡಿ.

ಮರ ಪೈನ್ ಆದರೂ ಆಗುತ್ತದೆ. ಒಣಗಿರಬೇಕು, ನೇರ ಇರಬೇಕು, ಅಷ್ಟೇ. ಕಾಲಿಗೆ ಎರಡು ತುಂಡು ಅಂಟಿಸಿ ಮೂರು, ಮೂರೂವರೆ ಇಂಚು ದಪ್ಪ ಮಾಡಿಕೊಳ್ಳಿ. ಅಗಲ ಹಲಗೆಯೇ ಬಿಗಿ ಕೊಡುವುದರಿಂದ ಮೇಲ್ಹಲಗೆ ಎರಡು ಇಂಚು ಇದ್ದರೂ ನಡೆಯುತ್ತದೆ. ಆದರೆ ಅದನ್ನು ಚೌಕಟ್ಟಿಗೆ ಅಂಟಿಸಬೇಡಿ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಮುಂದಿನ ಸಾಲಿನ ಸ್ಕ್ರೂ ಬಿಗಿಯಾಗಿ, ಹಿಂದಿನ ಸಾಲಿನದು ಕೊಂಚ ಉದ್ದ ಮಾಡಿದ ತೂತಿನಲ್ಲಿ ಇರಲಿ. ಸ್ಕ್ರೂ ತಲೆ ಚೆನ್ನಾಗಿ ಒಳಗಿಳಿಸಿ, ಹತ್ತರಿಯ ಅಲಗು ತಾಗಬಾರದು ಅಲ್ವಾ.

ಎತ್ತರ ನಿಮ್ಮ ಮೈಗೆ ಸೇರಿದ್ದು. ನೇರ ನಿಂತು ಕೈ ಇಳಿಬಿಡಿ. ಮಣಿಕಟ್ಟಿನ ಮಟ್ಟಕ್ಕಿದ್ದರೆ ಎಲ್ಲ ಕೆಲಸಕ್ಕೂ ಆಗುತ್ತದೆ. ಹತ್ತರಿ ಕೆಲಸವೇ ಜಾಸ್ತಿಯಾದರೆ ಇನ್ನೂ ಸ್ವಲ್ಪ ತಗ್ಗಿರಲಿ. ಗೊತ್ತಾಗದಿದ್ದರೆ ಕಾಲನ್ನು ಒಂದಿಂಚು ಉದ್ದ ಬಿಡಿ, ಕತ್ತರಿಸಬಹುದು, ಬೆಳೆಸಲಾಗುವುದಿಲ್ಲ.

ವೈಸ್ ಈಗಲೇ ಬೇಡ. ಬಲಗೈಯವರಾದರೆ ಎಡತುದಿಯಲ್ಲಿ ತೆಳು ಪಟ್ಟಿಯೊಂದನ್ನು ಅಡ್ಡ ಸ್ಕ್ರೂ ಮಾಡಿ. ಕೆಲಸದ ತುಂಡನ್ನು ಅದಕ್ಕೆ ಆನಿಸಿ ಹತ್ತರಿ ನೂಕಿದರೆ ಸಾಕು. ಮುಂದಿನ ಅಗಲ ಹಲಗೆಯಲ್ಲಿ ಸಾಲಾಗಿ ತೂತು ಕೊರೆದು ಗೂಟ ಸಿಕ್ಕಿಸಿದರೆ ಉದ್ದನೆಯ ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ ಒಂದು ಕ್ಲಾಂಪ್‌ನಲ್ಲಿ ಹಿಡಿಯಬಹುದು. ಹೀಗೆ ಕೆಲಸ ಮಾಡುತ್ತಾ ಹೋದರೆ ಎಂಥ ವೈಸ್ ಬೇಕು, ಎಲ್ಲಿ ಬೇಕು ಅನ್ನುವುದು ನಿಮಗೇ ತಿಳಿಯುತ್ತದೆ.

ಮೇಲ್ಮೈ ಸಮ ಮಾಡುವುದು ಕೊನೆಗೆ, ಎಲ್ಲ ಜೋಡಿಸಿದ ಮೇಲೆ. ನೇರವಾದ ಎರಡು ಪಟ್ಟಿಗಳನ್ನು ಎರಡು ತುದಿಯಲ್ಲಿ ಅಡ್ಡ ಇಡಿ. ಬಗ್ಗಿ, ಹತ್ತಿರದ ಪಟ್ಟಿಯ ಮೇಲಂಚಿನಿಂದ ದೂರದ್ದನ್ನು ನೋಡಿ. ಎರಡೂ ಅಂಚು ಒಂದೇ ಗೆರೆಯಂತೆ ಕಂಡರೆ ಸರಿ. ಒಂದು ಕಡೆ ಎದ್ದು ಕಂಡರೆ ಹಲಗೆ ತಿರುಚಿದೆ. ಎದ್ದ ಮೂಲೆಯನ್ನೂ ಅದರ ಕರ್ಣದ ಎದುರು ಮೂಲೆಯನ್ನೂ ಸಣ್ಣಗೆ ಹತ್ತರಿ ಹೊಡೆದು ಮತ್ತೆ ನೋಡಿ.

ವಾರ್ನಿಶ್ ಹೊಡೆಯಬೇಡಿ, ತುಂಡು ಜಾರುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.