ಗಡಿಯಾರ ಎಣಿಸುವುದು ನಾಡಿಯನ್ನೋ, ಹೆಜ್ಜೆಯನ್ನೋ?

ಪ್ರಶ್ನೆ: ನನಗೆ 46 ವರ್ಷ. ದಿನವೂ ಮುಂಜಾನೆ ಕುಂದವಾಡ ಕೆರೆಯ ಬಳಿ ನಿಧಾನವಾಗಿ, ಗೆಳೆಯರೊಡನೆ ಮಾತನಾಡುತ್ತಲೇ ಓಡುತ್ತೇನೆ. ಆದರೂ ಕೈಗಡಿಯಾರವು ಹೃದಯಬಡಿತ 172 ಎಂದು ತೋರಿಸುತ್ತದೆ. ಇದು ಅಪಾಯವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾತನಾಡುತ್ತ ಓಡಲು ನಿಮಗೆ ಸಾಧ್ಯವಾಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಹೃದಯವನ್ನಲ್ಲ, ಗಡಿಯಾರವನ್ನು. ಅದು ಚರ್ಮದೊಳಕ್ಕೆ ಹಸಿರು ಬೆಳಕು ಹಾಯಿಸಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುವ ಬೆಳಕಿನಲ್ಲಾಗುವ ವ್ಯತ್ಯಾಸವನ್ನು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಕೈ ಬೀಸುವ ಲಯವನ್ನೇ ನಾಡಿಯೆಂದು ಭ್ರಮಿಸುವುದುಂಟು. ಓಟಗಾರರ ಹೆಜ್ಜೆಗಳು ನಿಮಿಷಕ್ಕೆ ಸಾಮಾನ್ಯವಾಗಿ 160ರಿಂದ 180 ಇರುವುದರಿಂದ, ನಿಮ್ಮ 172 ಹೆಜ್ಜೆಗಳ ಲೆಕ್ಕವೇ ಆಗಿರಬಹುದು. ಓಟ ನಿಲ್ಲಿಸಿದ ಕೂಡಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ ನೋಡಿ. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ತುಸು ಮೇಲೆ ಬಿಗಿಯಾಗಿ ಕಟ್ಟಿ.

ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುವ ಎದೆಪಟ್ಟಿ ಇದಕ್ಕಿಂತ ನಂಬಲರ್ಹವಾದದ್ದು. ಒಳಬದಿಯನ್ನು ಒದ್ದೆ ಮಾಡದೆ ಧರಿಸಿದರೆ ಮಾತ್ರ ಅದೂ ಮೊದಲ ಕೆಲವು ನಿಮಿಷ ಸುಳ್ಳು ಹೇಳುತ್ತದೆ. 220ರಿಂದ ವಯಸ್ಸನ್ನು ಕಳೆಯುವ ಸೂತ್ರದಂತೆ ನಿಮ್ಮ ಗರಿಷ್ಠ ಬಡಿತ 174. ಆದರೆ ಅದು ಸರಾಸರಿಯ ಅಂದಾಜಷ್ಟೇ, ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಹಜ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಂತೂ ಅದೇ ವೇಗಕ್ಕೂ ಬಡಿತ ಏರುತ್ತದೆ. ಕೈಯಿಂದ ಎಣಿಸಿದಾಗಲೂ ಬಡಿತ ಇಷ್ಟೇ ಇದ್ದರೆ, ಅಥವಾ ಎದೆನೋವು, ತಲೆಸುತ್ತು ಕಾಣಿಸಿಕೊಂಡರೆ, ಓಟ ನಿಲ್ಲಿಸಿ ವೈದ್ಯರನ್ನು ಕಾಣಿರಿ.