ವೇಲೆನ್ಸಿ ತೀರಿದ ಮೇಲೂ ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುದೇಕೆ?

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಆಕ್ಸಿಜನ್‌ನ ವೇಲೆನ್ಸಿ (ಪರಮಾಣು ಮಾಡಿಕೊಳ್ಳಬಲ್ಲ ಬಂಧಗಳ ಸಂಖ್ಯೆ) ಎರಡು, ಹೈಡ್ರೋಜನ್‌ನದು ಒಂದು, ಆದ್ದರಿಂದ ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಎಂದು ಪಾಠ ಮುಗಿಸಿದೆ. ಆಗ ವಿದ್ಯಾರ್ಥಿನಿಯೊಬ್ಬಳು, ‘ಎಲ್ಲರ ವೇಲೆನ್ಸಿಯೂ ತೀರಿತಲ್ಲ, ಮತ್ತೆ ಒಂದು ಅಣುವಿಗೆ ಇನ್ನೊಂದರ ಹಂಗೇಕೆ? ನೀರು ಅನಿಲವಾಗಿ ಹಾರಿಹೋಗಬೇಕಿತ್ತಲ್ಲ?’ ಎಂದಳು. ಕುದಿಯುವಾಗ ಒಡೆಯುವುದು ಯಾವ ಬಂಧ ಎಂಬ ಗೊಂದಲವೂ ತರಗತಿಯಲ್ಲಿದೆ. ಹೇಗೆ ವಿವರಿಸಲಿ?

ಉತ್ತರ: ಆ ಹುಡುಗಿಯನ್ನು ಮೊದಲು ಮೆಚ್ಚಿಕೊಳ್ಳಿ. ಅವಳ ತರ್ಕಕ್ಕೆ ಸಾಕ್ಷಿಯೂ ಇದೆ. ಗಂಧಕದ ವೇಲೆನ್ಸಿಯೂ ಇಲ್ಲಿ ಎರಡೇ. ಗಂಧಕಕ್ಕೆ ಎರಡು ಹೈಡ್ರೋಜನ್ ಸೇರಿದ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿಗಿಂತ ಭಾರದ ಅಣುವಾದರೂ ಮೈನಸ್ 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ತೂಕದ ಲೆಕ್ಕವೊಂದೇ ನಡೆಯುವುದಾಗಿದ್ದರೆ ನೀರು ಅದಕ್ಕಿಂತಲೂ ಕೆಳಗೆ ಆವಿಯಾಗಬೇಕಿತ್ತು.

ಗುಟ್ಟು ಇರುವುದು ಬಂಧಕ್ಕೆ ಹೋಗದೆ ಉಳಿದ ಎಲೆಕ್ಟ್ರಾನ್‌ಗಳಲ್ಲಿ. ಆಕ್ಸಿಜನ್‌ನ ಹೊರಕವಚದಲ್ಲಿ ಆರು ಎಲೆಕ್ಟ್ರಾನ್‌ಗಳಿವೆ. ಅವುಗಳಲ್ಲಿ ಎರಡು, ಹೈಡ್ರೋಜನ್‌ಗಳ ಜೊತೆಗಿನ ಹಂಚಿಕೆಗೆ ಹೋಗುತ್ತವೆ. ನಾಲ್ಕು ಉಳಿದು ಎರಡು ಜೋಡಿಗಳಾಗುತ್ತವೆ. ಇವೇ ಒಂಟಿ ಜೋಡಿಗಳು. ವೇಲೆನ್ಸಿಯ ಲೆಕ್ಕದಲ್ಲಿ ಇವುಗಳಿಗೆ ಜಾಗವಿಲ್ಲ, ಹಾಗಾಗಿ ಕಪ್ಪುಹಲಗೆಯ ಚಿತ್ರದಲ್ಲೂ ಬಿಟ್ಟುಹೋಗುತ್ತವೆ. ಬಿಡಬಾರದು. ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನೂ ಆಕ್ಸಿಜನ್ ತನ್ನತ್ತಲೇ ಹೆಚ್ಚು ಸೆಳೆದುಕೊಳ್ಳುತ್ತದೆ. ಹೈಡ್ರೋಜನ್‌ಗೆ ಬೇರೆ ಎಲೆಕ್ಟ್ರಾನ್ ಇಲ್ಲದ್ದರಿಂದ ಅದರ ಬೀಜಕೇಂದ್ರ ಬಹುಮಟ್ಟಿಗೆ ತೆರೆದುಕೊಂಡು, ಪಕ್ಕದ ಅಣುವಿನ ಒಂಟಿ ಜೋಡಿಯತ್ತ ವಾಲುತ್ತದೆ. ಇದೇ ಹೈಡ್ರೋಜನ್ ಬಂಧ. ನೀರಿನಲ್ಲಿ ಇದು ಹೀಗಿರಬೇಕೆಂದು 1920ರಲ್ಲಿ ಅಮೆರಿಕದ ಬರ್ಕ್ಲಿಯ ರಸಾಯನ ವಿಜ್ಞಾನಿಗಳಾದ ಲ್ಯಾಟಿಮರ್ ಮತ್ತು ರೋಡ್‌ಬುಷ್ ವಿವರಿಸಿದರು. ಅಣುವಿನೊಳಗಿನ ಬಂಧಕ್ಕಿಂತ ಇದು ಸುಮಾರು ಎರಡು ಪಟ್ಟು ಉದ್ದ. ಬಲದಲ್ಲಿ ಅದರ ಇಪ್ಪತ್ತನೆಯ ಒಂದು ಭಾಗದಷ್ಟು.

ಇಷ್ಟು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ವೇಲೆನ್ಸಿ ಎರಡೇ ಆಗಿರುವುದು ಇಲ್ಲಿ ಎಷ್ಟು ಮುಖ್ಯ ಎಂಬುದನ್ನೂ ಒತ್ತಿ ಹೇಳಬೇಕು. ಹೈಡ್ರೋಜನ್ ಫ್ಲೋರೈಡನ್ನು ನೋಡಿ. ಅದರ ಹೈಡ್ರೋಜನ್ ಬಂಧ ನೀರಿನದಕ್ಕಿಂತ ಗಟ್ಟಿ, ಆದರೂ ಅದು ಕುದಿಯುವುದು ಸುಮಾರು 20 ಡಿಗ್ರಿಯಲ್ಲಿ. ಫ್ಲೋರಿನ್‌ನ ಬಳಿ ಮೂರು ಒಂಟಿ ಜೋಡಿಗಳಿವೆ, ಹೈಡ್ರೋಜನ್ ಮಾತ್ರ ಒಂದೇ. ಅಮೋನಿಯದಲ್ಲಿ ತಿರುವುಮುರುವು: ಹೈಡ್ರೋಜನ್ ಮೂರು, ಒಂಟಿ ಜೋಡಿ ಒಂದೇ, ಕುದಿಯುವುದು ಮೈನಸ್ 33ರಲ್ಲಿ. ನೀರಿನಲ್ಲಿ ಕೊಡಲು ಎರಡು ಹೈಡ್ರೋಜನ್, ಪಡೆಯಲು ಎರಡು ಒಂಟಿ ಜೋಡಿ. ಲೆಕ್ಕ ಸರಿಸಮ, ಯಾವುದೂ ವ್ಯರ್ಥವಾಗುವುದಿಲ್ಲ. ಒಂದೊಂದು ಅಣುವೂ ನಾಲ್ಕು ನೆರೆಯ ಅಣುಗಳೊಂದಿಗೆ ಬೆಸೆದುಕೊಳ್ಳಬಲ್ಲದು. ಇದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಗಂಧಕಕ್ಕೂ ಇದೇ ಎರಡು-ಎರಡರ ಲೆಕ್ಕವಿದೆಯಲ್ಲ ಎಂದು ಮಕ್ಕಳು ಕೇಳಬಹುದು. ಇದೆ, ಆದರೆ ಅದು ದೊಡ್ಡ ಪರಮಾಣು, ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಶಕ್ತಿ ಕಡಿಮೆ, ಹಾಗಾಗಿ ಅದರ ಹೈಡ್ರೋಜನ್ ಬಂಧ ತೀರಾ ದುರ್ಬಲ.

ಮಂಜುಗಡ್ಡೆಯಲ್ಲಿ ಈ ನಾಲ್ಕೂ ಬಂಧಗಳು ನಾಲ್ಕು ದಿಕ್ಕಿಗೆ ಚಾಚಿ ನಿಲ್ಲುವುದರಿಂದ ನಡುವೆ ಖಾಲಿ ಜಾಗ ಉಳಿಯುತ್ತದೆ. ಫ್ರೀಜರ್‌ನಲ್ಲಿಟ್ಟ ತುಂಬಿದ ಗಾಜಿನ ಬಾಟಲಿ ಬಿರಿಯುವುದು ಇದರಿಂದಲೇ.

ಇನ್ನು ಕುದಿಯುವ ಮಾತು. ಪಾತ್ರೆಯ ತಳದಿಂದ ಏಳುವ ದೊಡ್ಡ ಗುಳ್ಳೆಗಳಲ್ಲಿ ಇರುವುದು ನೀರಾವಿ; ಹೈಡ್ರೋಜನ್, ಆಕ್ಸಿಜನ್ ಅನಿಲಗಳಲ್ಲ. ಕಳಚುವುದು ಅಣುಗಳ ನಡುವಿನ ಬಂಧ. ಅದೂ ಸುಲಭವಲ್ಲ: 25 ಡಿಗ್ರಿಯ ನೀರು ಕುದಿ ಬರಲು ಬೇಕಾದ ಶಾಖದ ಏಳು ಪಟ್ಟು ಶಾಖ, ಕುದಿ ಬಂದ ನೀರು ಪೂರ್ತಿ ಬತ್ತಲು ಬೇಕು. ಒಂದು ಮೋಲ್, ಅಂದರೆ ಸುಮಾರು 18 ಗ್ರಾಂ ನೀರಿಗೆ ಇದು ಸುಮಾರು 41 ಕಿಲೋಜೌಲ್. ಅದೇ ನೀರನ್ನು ಬಿಡಿ ಪರಮಾಣುಗಳಾಗಿ ಒಡೆಯಲು 900ಕ್ಕೂ ಹೆಚ್ಚು ಕಿಲೋಜೌಲ್ ಬೇಕು. ಒಲೆಯ ಉರಿಗೆ ಬಗ್ಗದ ಆ ಒಳಬಂಧವನ್ನು ಮುರಿಯಲು ವಿದ್ಯುತ್ ಹರಿಸಿ ತೋರಿಸಿ. ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬೆರೆಸಿದ ನೀರು, ಎರಡು ಗ್ರಾಫೈಟ್ ಕಡ್ಡಿ, ಎರಡು ಪ್ರನಾಳ, ಒಂಬತ್ತು ವೋಲ್ಟ್ ಬ್ಯಾಟರಿ ಸಾಕು. ಋಣಾಗ್ರದ ಪ್ರನಾಳದಲ್ಲಿ ಸೇರುವ ಹೈಡ್ರೋಜನ್ ಧನಾಗ್ರದ ಆಕ್ಸಿಜನ್‌ಗಿಂತ ಸುಮಾರು ಎರಡು ಪಟ್ಟಿರುತ್ತದೆ. ವೇಲೆನ್ಸಿಯ ಲೆಕ್ಕವನ್ನು ಮಕ್ಕಳೇ ಅಳತೆಪಟ್ಟಿ ಹಿಡಿದು ಅಳೆಯಲಿ.